ಮೇಘಾಳ ಬಲ ಮೊಣಕಾಲು

ಗಾಂಧಿ ಚೌಕದ ಎಲುಬಿನ ದವಾಖಾನೆಯಲ್ಲಿ ಕೈ ಪ್ಲಾಸ್ಟರ್ ಬಿಚ್ಚಿಸಲು ಬಂದ ಸಾಬಣ್ಣ, ಪಕ್ಕದಲ್ಲಿ ಕುಳಿತ ತಾಯಿ ಮಗಳ ಜಗಳಕ್ಕೆ ತನಗರಿವಿಲ್ಲದೆ ಕಿವಿಗೊಟ್ಟಿದ್ದ.

"ನೋವೈತಿ ಅಂತ ಡಾಕ್ಟರಿಗೆ ಖರೇ ಹೇಳು, ಮೇಘಾ. ಎರಡು ಸಲ ಆಪರೇಶನ್ ಆದ ಮೊಣಕಾಲ ಅದು."

"ಹೇಳಿದ್ರ ಫುಟ್‌ಬಾಲ್ ಆಡಾಕ ಚೀಟಿ ಕೊಡಂಗಿಲ್ಲಬೇ. ಕ್ಲಬ್ಬಿನವರು ಬ್ಯಾರೆದಾಕಿನ್ನ ಕ್ಯಾಪ್ಟನ್ ಮಾಡ್ತಾರ."

"ಮಾಡ್ಲಿ. ಗೋಲ್ ಕಾಯಾಕ ನಿಂತು ಹನ್ನೊಂದು ವರ್ಷ ಒದಿಸ್ಕೊಂಡಿದ್ದು ಸಾಲಲಿಲ್ಲೇನು?"

"ನನ್ನ ದಾಟಿ ಎಷ್ಟು ಮಂದಿ ಹೋಗ್ಯಾರ, ಅದನ್ನ ಕೇಳು."

"ಡಾಕ್ಟರ್ ಒತ್ತಿದ್ರ ಮಾರಿ ಕಿವುಚತಿ."

"ಒದ್ದವರಿಗೇ ನೋವು ತೋರಿಸಿಲ್ಲ, ಇವರಿಗೆ ತೋರಸ್ತೀನೇನು?"

ಕಂಪೌಂಡರ್ ಹೆಸರು ಕೂಗಿದ. ಮೇಘಾ ಗೋಡೆ ಹಿಡಿದು ಎದ್ದಳು. ತಾಯಿ ಆ ಕೈಯನ್ನು ಗೋಡೆಯಿಂದ ಬಿಡಿಸಿದಳು.

"ಕುಂಟಬ್ಯಾಡ. ಬಾಗಲಾ ತಗದೈತಿ, ಡಾಕ್ಟರ್ ನೋಡಾಕತ್ತಾರ."

ಇಬ್ಬರೂ ನೆಟ್ಟಗೆ ಒಳಗೆ ನಡೆದರು.