ಸಾವಕಾಶ ಮಿಣುಕಿದ ದೀಪ

ನಂಬುವುದು ಬಿಡುವುದು ನಿಮ್ಮ ಇಚ್ಛೆ. ಆದರೆ ಇದು ನಮ್ಮ ಓಣಿಯ ಭಾಗ್ಯಳಿಗೇ ಆದದ್ದು, ಇಲ್ಲೇ ಶಹಾಬಾದದಲ್ಲಿ.

ಆ ರಾತ್ರಿ ಕಲಬುರಗಿ ಬಸ್ಸು ಬಂದದ್ದೇ ತಡವಾಗಿ. ಡಿಪ್ಲೊಮಾ ಓದುವ ಹುಡುಗಿ, ಚೀಲ ಎದೆಗವಚಿಕೊಂಡು ಹಳೆಯ ಖಣಿಯ ದಾರಿ ಹಿಡಿದಳು. ಕಲ್ಲು ತೆಗೆದು ಬಿಟ್ಟ ಖಣಿ ಅದು. ತುಂಬ ನೀರು... ತಳ ಕಂಡವರಿಲ್ಲ. ಹೋದ ತಿಂಗಳು ಅವಳಪ್ಪ ಅಂಬಾರಾಯ ಕತ್ತಲಲ್ಲಿ ಕಾಲು ಜಾರಿ ಬಿದ್ದು ಸತ್ತದ್ದು ಅಲ್ಲೇ.

ಬಿದ್ದ ದಿನ ಸಂಜೆಯಷ್ಟೇ ಭಾಗ್ಯ ಅಪ್ಪನಿಗೊಂದು ದೀಪ ಮಾಡಿ ತೋರಿಸಿದ್ದಳು. ಎಂಟು ಕಾಲಿನ ಟೈಮರ್ ಚಿಪ್, ಬ್ಯಾಟರಿ, ಮಿಣುಕುವ ಕೆಂಪು ಎಲ್ಇಡಿ. ಖಣಿಯ ದಂಡೆಗೆ ಹಾಕಲಿಕ್ಕೆಂದು ಅವನೇ ಕೇಳಿದ್ದ. ನೋಡಿ ಕಣ್ಣುಜ್ಜಿಕೊಂಡ. ಕಲ್ಲು ಕಡಿದು ಕಡಿದು ಪುಡಿ ಕೂತ ಕಣ್ಣು.

"ಇಷ್ಟ್ ಗಡಿಬಿಡಿ ಮಿಣುಕಿದ್ರ ನಂಗ ಕಾಣಂಗಿಲ್ಲವ್ವಾ. ಸಾವಕಾಶ ಹತ್ತಂಗ ಮಾಡು."

"ನಾಳಿ ಮಾಡ್ತೀನಪ್ಪಾ."

ಮಿಣುಕುವ ವೇಗ ಇಳಿಸಲು ಒಳಗಿನ ಸಣ್ಣ ತಿರುಪೊಂದನ್ನು ತಿರುಗಿಸುವ ಕೆಲಸ, ಅಷ್ಟೆ. ಆ ನಾಳೆ ಬರಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ ಆ ತಿರುಪು ಮುಟ್ಟಲು ಅವಳ ಕೈ ಏಳಲಿಲ್ಲ. ಬೇರೆಯವರಾದರೂ ಉಳಿಯಲಿ ಎಂದು ದೀಪವನ್ನು ಗಡಿಬಿಡಿ ಮಿಣುಕುವ ಹಾಗೆಯೇ, ಬೆಳಕು ಕಾಣುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮಳೆ ನೀರು ಹೋಗದಂತೆ ಮುಚ್ಚಳಕ್ಕೆ ಕಲ್ಲಿನಂತೆ ಗಟ್ಟಿಯಾಗುವ ಎಂಸೀಲ್ ಅಂಟು ಮೆತ್ತಿ, ಖಣಿಯ ಬೇವಿನ ಮರಕ್ಕೆ ಕಟ್ಟಿದ್ದಳು.

ಬೇವಿನ ಹತ್ತಿರ ಬಂದಾಗ ಸದ್ದು ಕೇಳಿತು.

ಟಣ್... ಟಣ್... ಉಳಿಯ ಮೇಲೆ ಸುತ್ತಿಗೆ ಬೀಳುವ ಸದ್ದು. ನೀರಿನ ಕಡೆಯಿಂದ. ಆ ಹೊತ್ತಿನಲ್ಲಿ ಯಾರು ಕಲ್ಲು ಕಡಿಯುತ್ತಾರೆ?

ತಲೆ ಎತ್ತಿದಳು. ದೀಪ ಹತ್ತಿತು... ಆರಿತು... ಹತ್ತಿತು. ಸಾವಕಾಶ. ಸುತ್ತಿಗೆ ಬಿದ್ದಾಗಲೊಮ್ಮೆ.

"ಅಪ್ಪಾ... ಕಾಣಾಕತ್ತದೇನು?" ಪಿಸುಗುಟ್ಟಿದಳು.

ಸುತ್ತಿಗೆ ನಿಂತಿತು.

"ಕಾಣಾಕತ್ತದವ್ವಾ. ನೀ ಮನಿಗಿ ನಡಿ."

ಹೆದರಿಕೆ ಆಗಲಿಲ್ಲವಂತೆ. ಅಳು ಬಂತಂತೆ, ಮನೆ ಮುಟ್ಟುವವರೆಗೂ ನಿಲ್ಲದ ಅಳು.

ಮರುದಿನ ನಮ್ಮೆದುರೇ ಡಬ್ಬಿ ಇಳಿಸಿದಳು. ಮೆತ್ತಿದ ಎಂಸೀಲ್ ಎಲ್ಲೂ ಬಿಟ್ಟಿರಲಿಲ್ಲ. ಉಳಿ ಹಾಕಿ ಒಡೆಯಬೇಕಾಯಿತು. ಒಳಗೆ ತಿರುಪು ತಿರುಗಿತ್ತು. ಅದರ ಪಕ್ಕದಲ್ಲೊಂದು ಹೆಬ್ಬೆರಳ ಗುರುತು, ಬೂದು ಕಲ್ಲುಪುಡಿಯದು.

ಇನ್ನೂ ಹಸಿ ಇತ್ತು. ದೇವರಾಣೆ, ನಾನೇ ಮುಟ್ಟಿ ನೋಡಿದ್ದೇನೆ.