ನಡುಗಿದ ಪೆಡಲ್

ಕೋಲಾರದ ಆಸ್ಪತ್ರೆಯೊಂದರ ಶವಾಗಾರದ ಮುಂದೆ, ಸುಗಟೂರಿನ ಗಂಗಾಲಕ್ಷ್ಮಿ ಮಾವನ ದೇಹಕ್ಕಾಗಿ ಕಾದು ಕೂತಿದ್ದಳು. ಅದೇ ಬೆಂಚಿನಲ್ಲಿ, ತಲೆಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮೂರ್ತಿ ಎಂಬವನು ಹೆಂಡತಿ ರಜನಿಯ ಅಣ್ಣ ಅರುಣ್‌ಕುಮಾರನಿಗೆ ಅಪಘಾತ ಆದದ್ದು ಹೇಗೆಂದು ಹೇಳುತ್ತಿದ್ದ. ಅರುಣ್‌ಕುಮಾರನ ಅಂಗಿಯ ಮೇಲೆ ಗ್ಯಾರೇಜಿನ ಗ್ರೀಸ್ ಇನ್ನೂ ಇತ್ತು.

“ಮಳೆ, ಭಾವ. ಗೌನಿಪಲ್ಲಿ ತಿರುವಲ್ಲಿ ಮಾವಿನಕಾಯಿ ಟ್ರಾಕ್ಟರ್ ನಿಂತಿತ್ತು. ಜೋರಾಗಿ ಬ್ರೇಕ್ ಒತ್ತಿದೆ. ಪೆಡಲ್ ಗಡಗಡ ಅಂತ ಕಾಲನ್ನೇ ಒದೀತು.”

“ಆಮೇಲೆ?”

“ಏನೋ ಮುರೀತು ಅಂದ್ಕೊಂಡು ಕಾಲು ತೆಗ್ದುಬಿಟ್ಟೆ. ಕಾರು ಹೋಗಿ ಟ್ರಾಕ್ಟರ್‌ಗೆ ಗುದ್ದಿಬಿಡ್ತು.”

ಅರುಣ್‌ಕುಮಾರ್ ತಲೆ ಅಲ್ಲಾಡಿಸಿದ.

“ಮುರಿದಿದ್ದಲ್ಲ ಕಣೋ, ಅದು ಎಬಿಎಸ್ಸು. ಚಕ್ರ ಜಾರದಂಗೆ ಬ್ರೇಕನ್ನ ಹಿಡಿದು ಹಿಡಿದು ಬಿಡುತ್ತೆ, ಅದಕ್ಕೇ ನಡುಗೋದು. ಒತ್ಕೊಂಡೇ ಸ್ಟೇರಿಂಗ್ ತಿರುಗಿಸ್ಬೇಕಿತ್ತು.”

“ತಿರುಗಿಸಿದ್ರೆ ರಜನಿ ಉಳೀತಿದ್ಲಾ?”

ಗಂಗಾಲಕ್ಷ್ಮಿ ಅತ್ತ ತಿರುಗಿ ನೋಡಿದಳು. ಅರುಣ್‌ಕುಮಾರ್ ಅಂಗಿಯ ಮೇಲಿನ ಗ್ರೀಸನ್ನು ಉಗುರಿನಿಂದ ಕೆರೆದ.

“ಅತ್ತೆ ಕೇಳಿದ್ರೆ ಏನ್ ಹೇಳ್ಲಿ ಭಾವ?”

“ಬ್ರೇಕ್ ಫೇಲಾಯ್ತು ಅನ್ನು. ಗಾಡಿ ನಾನೇ ನೋಡಿದೀನಿ, ಬ್ರೇಕ್ ಫೇಲಾಗಿದ್ದು ನಿಜ ಅಂತ ನಾನೂ ಹೇಳ್ತೀನಿ.”

ಒಳಗಿನಿಂದ ರಜನಿಯ ಹೆಸರು ಕೂಗಿದರು. ಅರುಣ್‌ಕುಮಾರ್ ಮೂರ್ತಿಯ ತೋಳು ಹಿಡಿದು ಎಬ್ಬಿಸಿ, ತಂಗಿ ಮಲಗಿದ್ದ ಕೋಣೆಗೆ ನಡೆಸಿಕೊಂಡು ಹೋದ.