ಹನ್ನೊಂದು ಕೈಬೀಸಿನ ಕೊಳ

ಟೂಸಾನ್‌ನ ಈಜುಕೊಳದ ಸಾಮಾನಿನ ಅಂಗಡಿಯಲ್ಲಿ ನೀರು ಕಾಯಿಸುವ ಹೀಟರ್ ಕೊಳ್ಳಲು ನನ್ನ ಮುಂದೆ ನಿಂತಿದ್ದವನಿಗೆ ತನ್ನ ಕೊಳದ ಅಳತೆಯೇ ಗೊತ್ತಿರಲಿಲ್ಲ. ನಾನು ಕ್ಲೋರಿನ್ ಡಬ್ಬ ಹಿಡಿದು ಕಾಯುತ್ತಿದ್ದೆ.

“ಆಳ ಎಂಟಡಿ,” ಎಂದ.

“ಆಳ ಬೇಡ ಸರ್, ಉದ್ದ ಅಗಲ ಹೇಳಿ. ಶಾಖ ಹೋಗೋದು ನೀರಿನ ಮೇಲಿಂದ,” ಎಂದಳು ಅಂಗಡಿಯ ಮಾರಿಸೋಲ್.

“ನನ್ನ ಮಗಳು ಕೊರಿನ್ ಹನ್ನೊಂದು ಸಲ ಕೈ ಬೀಸಿದ್ರೆ ಆ ದಡ ಮುಟ್ತಾಳೆ.”

“ಅವಳ ಕೈ ನಾನು ನೋಡಿಲ್ವಲ್ಲ! ಹೋಗ್ಲಿ, ಉದ್ದ ಮೂವತ್ತಡಿ, ಅಗಲ ಅದರರ್ಧ ಅಂತಿಟ್ಕೊಳ್ಳೋಣ. ದಿನಾ ಈಜ್ತಾಳಾ?”

“ಈಗ ಅವರಮ್ಮನ ಮನೇಲಿದಾಳೆ. ಕೋರ್ಟು ಹೇಳಿದ ಹಾಗೆ ವಾರ ಬಿಟ್ಟು ವಾರ, ಶನಿವಾರ ಭಾನುವಾರ ಬರ್ತಾಳೆ. ಹೋದ ಸಲ ನೀರು ತಣ್ಣಗಿದೆ ಅಂತ ಮಧ್ಯಾಹ್ನಕ್ಕೇ ಹೊರಟುಬಿಟ್ಲು. ಚಿಕ್ಕ ಹೀಟರ್ ಸಾಕಮ್ಮ, ಆರಿಸದೆ ವಾರವಿಡೀ ಉರಿಸ್ತೀನಿ.”

“ಖಾಲಿ ಕೊಳಕ್ಕಾ? ಯಾರು ಈಜೋಕೆ, ಕಪ್ಪೆನಾ?”

“ಮಂಗಳವಾರ ಬಂದ್ಬಿಟ್ರೆ?”

“ಬರ್ತಾಳಾ?”

ಅವನು ಚಿಕ್ಕ ಹೀಟರಿನ ಬೆಲೆ ಚೀಟಿ ತಿರುಗಿಸಿ ನೋಡಿದ.

“ದೊಡ್ಡದು ತಗೊಳ್ಳಿ ಸರ್, ಬೇಗ ಕಾಯಿಸುತ್ತೆ. ಶುಕ್ರವಾರ ಸಂಜೆ ಹಚ್ಚಿದ್ರೆ ಶನಿವಾರ ಬೆಳಿಗ್ಗೆಗೆ ನೀರು ಬೆಚ್ಚಗಾಗಿರುತ್ತೆ. ಮಿಕ್ಕ ದಿನ ಆರಿಸಿಡಿ.”

“ಸರಿ, ದೊಡ್ಡದೇ ಬರ್ಕೋ,” ಎಂದು ಸಹಿ ಹಾಕಿ ಹೊರಟ.

ನಾನು ಲೆಕ್ಕ ಹಾಕಿದೆ: ಮೊದಲು ಮಗಳು ತಿಂಗಳಿಡೀ ಅವನ ಮನೆಯಲ್ಲಿದ್ದಿರಬೇಕು. ಈಗ ತಿಂಗಳಿಗೆ ನಾಲ್ಕು ದಿನ. ಅವನ ಕೈತಪ್ಪಿ ಹೋದದ್ದು ಇಪ್ಪತ್ತಾರು.